ಚಳಿಗಾಲದಲ್ಲಿ ಮನೆಯೊಳಗಿನ ಗಿಡ ಸಾಯೋದು ಚಳಿಗಲ್ಲ, ನೀರಿಗೆ

[ಕ್ಲೋಸಪ್: ಎಲೆ ಜೋತುಬಿದ್ದ ಪೀಸ್ ಲಿಲಿ. ಬೆರಳಲ್ಲಿ ಮಣ್ಣು ಒತ್ತಿದರೆ ನೀರು ಒಸರುತ್ತೆ.]

ಎಲೆ ಬಾಡಿದೆ, ಮಣ್ಣು ಮಾತ್ರ ಒದ್ದೆ. ಇದನ್ನ ನೋಡಿ ಮನೇಲಿ ಯಾರಾದ್ರೂ ಒಬ್ಬರು "ಅಯ್ಯೋ, ನೀರೇ ಹಾಕಿಲ್ಲ" ಅಂತ ಇನ್ನೊಂದು ಚೊಂಬು ಸುರೀತಾರೆ. ಗಿಡದ ಕಥೆ ಅಲ್ಲಿಗೆ ಮುಗೀತು. ಮೈಸೂರಿನ ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೋಡಿ, ಆಸೆಯಾಗಿ ನರ್ಸರಿಯಿಂದ ತಂದ ಗಿಡ ಸಂಕ್ರಾಂತಿ ಹೊತ್ತಿಗೆ ಕೊಳೆಯೋದು ಬಹುಪಾಲು ಹೀಗೇನೆ.

ಮೈಸೂರು, ಮಂಡ್ಯದ ಚಳಿಗೆ ಮನಿ ಪ್ಲಾಂಟ್, ಮಾನ್‌ಸ್ಟೆರಾ, ಫಿಲೊಡೆಂಡ್ರಾನ್ ಹೆದರಲ್ಲ. ರಾತ್ರಿ ಸಾಮಾನ್ಯವಾಗಿ 15–17 ಡಿಗ್ರಿ, ಮಧ್ಯಾಹ್ನ 28ರ ಆಸುಪಾಸು. ಅಗ್ಲೋನೆಮಾ ಒಂದು ಸ್ವಲ್ಪ ನಾಜೂಕು: 13 ಡಿಗ್ರಿಗಿಂತ ಕೆಳಗೆ ಹೋದರೆ ಎಲೆ ಮೇಲೆ ಎಣ್ಣೆ ಜಿಡ್ಡಿನ ಥರ ಬೂದು ಕಲೆ ಬೀಳುತ್ತೆ. ಅದನ್ನ ರಾತ್ರಿ ಬಾಲ್ಕನಿಯಿಂದ ಒಳಗಿಡಿ, ಸಾಕು.

ಹಾಗಾದ್ರೆ ತೊಂದರೆ ಎಲ್ಲಿ? ಜೂನ್‌ಗೆ ಹೋಲಿಸಿದರೆ ಡಿಸೆಂಬರಲ್ಲಿ ಹಗಲು ಸುಮಾರು ಒಂದೂವರೆ ಗಂಟೆ ಕಡಿಮೆ. ಬೆಳಕು ಕಮ್ಮಿ, ಮಣ್ಣು ತಣ್ಣಗೆ; ಬೇರು ನೀರು ಎಳೆಯೋದೂ ನಿಧಾನ. ಬೇಸಿಗೇಲಿ ಮೂರು ದಿನಕ್ಕೆ ಒಣಗ್ತಿದ್ದ ಕುಂಡ ಈಗ ಎಂಟು ಹತ್ತು ದಿನ ತಗೊಳ್ಳುತ್ತೆ. ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಬೇರಿಗೆ ಗಾಳಿ ಸಿಗಲ್ಲ. ಉಸಿರು ಕಟ್ಟಿದ ಬೇರಿಗೆ ಶಿಲೀಂಧ್ರ ಹತ್ತುತ್ತೆ. ಕೊಳೆತ ಬೇರು ನೀರು ಎಳೆಯಲ್ಲ, ಅದಕ್ಕೇ ಒದ್ದೆ ಮಣ್ಣಲ್ಲೂ ಎಲೆ ಬಾಡುತ್ತೆ.

[ದೃಶ್ಯ: ಕುಂಡವನ್ನ ಎರಡು ಕೈಯಲ್ಲಿ ಎತ್ತಿ ತೂಕ ನೋಡುವುದು]

ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು ಅಂತ ಕೇಳಬೇಡಿ, ಆ ಲೆಕ್ಕವೇ ತಪ್ಪು. ನೀರು ಹಾಕಿದ ದಿನ ಒಂದ್ಸಲ ಕುಂಡ ಎತ್ತಿ ನೋಡಿ, ನಾಲ್ಕು ದಿನ ಬಿಟ್ಟು ಇನ್ನೊಂದ್ಸಲ. ವ್ಯತ್ಯಾಸ ಕೈಗೇ ಗೊತ್ತಾಗುತ್ತೆ. ದೊಡ್ಡ ಕುಂಡಕ್ಕೆ ಬಿದಿರು ಕಡ್ಡಿ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೀರಿ. ಕಡ್ಡಿಗೆ ಒದ್ದೆ ಮಣ್ಣು ಅಂಟಿದರೆ ಕಾಯಿರಿ. ಆರಿಂಚಿನಂಥ ಚಿಕ್ಕ ಕುಂಡಕ್ಕಾದ್ರೆ ಮೇಲಿನ ಎರಡು ಇಂಚು ಒಣಗಿದ ಮೇಲೆ, ಬೆಳಿಗ್ಗೆ ಒಂಬತ್ತರ ನಂತರ, 300–400 ಮಿಲಿ ಹಾಕಿ. ತಳದಿಂದ ಇಳಿದ ನೀರನ್ನ ಕಾಲು ಗಂಟೇಲಿ ತಟ್ಟೆಯಿಂದ ಚೆಲ್ಲಿ. ಸ್ನೇಕ್ ಪ್ಲಾಂಟ್, ಝಡ್‌ಝಡ್ ಗಿಡಕ್ಕೆ ಮಣ್ಣು ಪೂರ್ತಿ ಒಣಗಲಿ. ತಿಂಗಳು ಮರೆತರೂ ಅವು ಬೇಜಾರು ಮಾಡ್ಕೊಳ್ಳಲ್ಲ.

[ಕ್ಲೋಸಪ್: ಕುಂಡದಿಂದ ಹೊರತೆಗೆದ ಬೇರು. ಕಪ್ಪು ಬೇರನ್ನ ಎಳೆದರೆ ಸಿಪ್ಪೆ ಜಾರಿ, ಒಳಗಿನ ದಾರ ಮಾತ್ರ ಕೈಗೆ ಬರುತ್ತೆ.]

ಆಗಲೇ ಕೊಳೆತಿದ್ರೆ? ಗಿಡ ಹೊರಗೆ ತೆಗೆದು ಬೇರು ತೊಳೀರಿ. ಒಳ್ಳೆ ಬೇರು ಬೆಳ್ಳಗೆ ಗಟ್ಟಿ ಇರುತ್ತೆ. ಕಪ್ಪಗೆ ಮೆತ್ತಗೆ ಆಗಿ ವಾಸನೆ ಬರೋದನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ. ನೆರಳಲ್ಲಿ ಎರಡು ಮೂರು ಗಂಟೆ ಆರಲಿ. ಎರಡು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ಜರಡಿ ಹಿಡಿದ ದಪ್ಪ ಮರಳು, ಒಂದು ಪಾಲು ಇದ್ದಿಲ ಚೂರು ಬೆರೆಸಿ, ಉಳಿದ ಬೇರಿಗೆ ತಕ್ಕಷ್ಟು ಚಿಕ್ಕ ಕುಂಡದಲ್ಲಿ ನೆಡಿ. ದೊಡ್ಡ ಕುಂಡ ಕೊಟ್ಟರೆ ಮತ್ತೆ ಅದೇ ಕಥೆ. ಬರೀ ಕೆಮ್ಮಣ್ಣು ಬೇಡ, ನೀರು ಕುಡಿದು ಇಟ್ಟಿಗೆ ಥರ ಕೂತುಬಿಡುತ್ತೆ.

ಬಿಸಿಲಿನ ವಿಷಯಕ್ಕೆ ಬನ್ನಿ. ಡಿಸೆಂಬರ್ ಕೊನೇಲಿ ಮೈಸೂರಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಿರ್ತಾನೆ. ಜೂನಲ್ಲಿ ಬಿಸಿಲೇ ಬೀಳದ ದಕ್ಷಿಣದ ಕಿಟಕಿಗೆ ಈಗ ನೇರ ಬಿಸಿಲು. ಅಲ್ಲಿರೋ ಕಲಾಥಿಯಾ ಎಲೆ ಸುಡುತ್ತೆ, ಮೂರಡಿ ಹಿಂದಕ್ಕೆ ಸರಿಸಿ. ಉತ್ತರದ ಕಿಟಕಿ ಈಗ ಮಂಕು. ಅಲ್ಲಿನ ಮಾನ್‌ಸ್ಟೆರಾನ ಪೂರ್ವಕ್ಕೆ ತನ್ನಿ.

ಮಧ್ಯಾಹ್ನದ ಒಣಗಾಳಿಗೆ ಇನ್ನೊಂದು ಕಾಟ ನುಸಿ, ಅಂದ್ರೆ ಸ್ಪೈಡರ್ ಮೈಟ್. ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಹಳದಿ ಚುಕ್ಕೆ ಕಂಡರೆ, ಕೆಳಗೆ ಬಿಳಿ ಹಾಳೆ ಹಿಡಿದು ಎಲೆ ತಟ್ಟಿ. ಉದುರಿದ ಧೂಳು ನಡೆದಾಡಿದರೆ ಅದೇ ನುಸಿ. ಎಲೆಯ ಅಡಿಭಾಗ ನಲ್ಲಿ ನೀರಲ್ಲಿ ತೊಳೆದು, ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಮೊದಲು ನಾಲ್ಕೈದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಆಮೇಲೆ 5 ಮಿಲಿ ಬೇವಿನೆಣ್ಣೆ ಹಾಕಿ ಕಲಕಿ, ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ವಾರ. ಮೊಟ್ಟೆಗೆ ಔಷಧಿ ಅಷ್ಟಾಗಿ ತಾಗಲ್ಲ, ಅದಕ್ಕೇ ಒಂದೇ ಸಲಕ್ಕೆ ನಿಲ್ಲಿಸಬಾರದು. ದಿನಾ ಸ್ಪ್ರೇ ಬಾಟಲಿಯಲ್ಲಿ ಮಂಜು ಹಾಯಿಸೋದ್ರಿಂದ ಗಾಳಿಯ ತೇವ ಏರೋದು ಕೆಲವು ನಿಮಿಷ ಮಾತ್ರ. ಗಿಡಗಳನ್ನ ಗುಂಪಾಗಿ ಇಡೋದೇ ಮೇಲು.

ಗೊಬ್ಬರ ಈಗ ಬೇಡ. ಸೋಸಿದ ಟೀ ಪುಡಿ, ಅಕ್ಕಿ ತೊಳೆದ ನೀರು ಅಂತೂ ಮನೆಯೊಳಗಿನ ಕುಂಡಕ್ಕೆ ಬೇಡವೇ ಬೇಡ. ಬೂಷ್ಟು ಹಿಡಿದು ಸಣ್ಣ ಕಪ್ಪು ನೊಣ ಏಳುತ್ತೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ, ಡಬ್ಬಿಯ ಮೇಲೆ ಬರೆದಿರೋದ್ರಲ್ಲಿ ಅರ್ಧ ಪ್ರಮಾಣದಿಂದ ಶುರು ಮಾಡಿ.

[ದೃಶ್ಯ: ಬರೀ ಮಣ್ಣು ಕಾಣುವ ಕುಂಡ]

ಕ್ಯಾಲೇಡಿಯಂ ಎಲೆಯೆಲ್ಲ ಒಣಗಿ ಬಿದ್ದರೆ ಸತ್ತಿದೆ ಅಂತ ಎಸೀಬೇಡಿ. ಗಡ್ಡೆ ಮಲಗಿದೆ ಅಷ್ಟೆ. ನೀರು ನಿಲ್ಲಿಸಿ, ಕುಂಡದ ಮೇಲೆ ಹೆಸರು ಬರೆದು ಮೂಲೇಲಿಡಿ. ಮಾರ್ಚಲ್ಲಿ ಅರ್ಧ ಲೋಟ ನೀರು ಕೊಟ್ಟು ಬೆಚ್ಚಗಿನ ಜಾಗಕ್ಕೆ ತಂದರೆ ಸುರುಳಿ ಎಲೆ ಮೇಲೇಳುತ್ತೆ.