ಹೆಬ್ಬೆರಳಿನ ಗೆರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ನಮ್ಮ ಕೊಡಗಿನ ತೋಟಗಳಲ್ಲಿ ಜಿಗಣೆ ಕಚ್ಚಿಸಿಕೊಳ್ಳದವರು ಯಾರಿದ್ದಾರೆ? ಕಚ್ಚಿದ್ದು ಗೊತ್ತಾಗುವುದೇ ಮನೆಗೆ ಬಂದು ಬೂಟು ಬಿಚ್ಚಿದಾಗ. ಗಾಯ ನೋಡಿದರೆ ಇಷ್ಟೇ ಇಷ್ಟು. ಆದರೂ ರಕ್ತ ನಿಲ್ಲುವುದೇ ಇಲ್ಲ. ಅದೇ ಮುಳ್ಳು ಗೀರಿದರೆ ಐದು ನಿಮಿಷದಲ್ಲಿ ನಿಂತುಬಿಡುತ್ತದೆ, ಅಲ್ವಾ?

ಮುಳ್ಳು ಗೀರಿದ ಕ್ಷಣವೇ ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಓಡಿ ಬಂದು ತೂತಿಗೆ ಅಂಟಿಕೊಳ್ಳುತ್ತವೆ. ಅದರ ಮೇಲೆ ಫೈಬ್ರಿನ್ ಎಂಬ ನಾರು ಬಲೆಯಂತೆ ಹೆಣೆದುಕೊಳ್ಳುತ್ತದೆ. ಆಗ ರಕ್ತ ಹೆಪ್ಪುಗಟ್ಟುತ್ತದೆ. ಜಿಗಣೆಯ ಎಂಜಲು ಈ ಬಲೆ ಹೆಣೆಯಲು ಬಿಡುವುದಿಲ್ಲ. ಔಷಧಕ್ಕೆ ಬಳಸುವ ಜಿಗಣೆಯಲ್ಲಿ ಇಂಥ ಗುಣ ಇದೆ ಎಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ಕಂಡುಹಿಡಿದರು. ಆ ವಸ್ತುವಿಗೆ ಆಮೇಲೆ ಹಿರುಡಿನ್ ಎಂದು ಹೆಸರು ಬಂತು. ನಮ್ಮ ತೋಟದ ಜಿಗಣೆಯೂ ಅದರ ನೆಂಟನೇ.

ಎರಡು ವರ್ಷದ ಹಿಂದೆ ಕಾಫಿ ಗಿಡ ಕಸಿ ಮಾಡುವಾಗ ಕತ್ತಿ ಜಾರಿ ನನ್ನ ಎಡಗೈ ಹೆಬ್ಬೆರಳಿಗೆ ತಾಗಿತು. ಆಳವಾಗಿಯೇ ಕೊಯ್ದಿತ್ತು. ಪಕ್ಕದಲ್ಲಿದ್ದವರು ಕಾಫಿ ಪುಡಿ ತಂದು ಒತ್ತಿದರು. ನಾನೂ ಚಿಕ್ಕಂದಿನಿಂದ ನೋಡಿದ್ದು ಅದನ್ನೇ, ಸುಮ್ನೆ ಕೈ ಕೊಟ್ಟೆ. ಆಮೇಲೆ ಹೊಲಿಗೆ ಹಾಕುವ ಮೊದಲು ಆ ಪುಡಿಯನ್ನೆಲ್ಲ ತೊಳೆದು ತೆಗೆಯಬೇಕಾಯಿತು. ಆ ನೋವು ಕತ್ತಿಯ ನೋವಿಗಿಂತ ಜಾಸ್ತಿ. ದಯವಿಟ್ಟು ಗಾಯಕ್ಕೆ ಕಾಫಿ ಪುಡಿ ಹಾಕಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ರಕ್ತ ನಿಂತ ಮೇಲೆ ನೀರು, ಸೋಪಿನಲ್ಲಿ ತೊಳೆಯಿರಿ. ಆಳದ ಗಾಯವಾದರೆ ಡಾಕ್ಟರ ಹತ್ತಿರ ಹೋಗಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ.

ಮರುದಿನ ಬೆರಳು ಊದಿ, ಕೆಂಪಾಗಿ, ಬಿಸಿಯಾಯಿತು. ಮೊದಲ ಒಂದೆರಡು ದಿನದ ಇಂಥ ಊತ ಬಿಳಿ ರಕ್ತಕಣಗಳ ಕೆಲಸ. ಅವು ರೋಗಾಣುಗಳನ್ನು ಕೊಂದು, ಸತ್ತ ಜೀವಕೋಶಗಳನ್ನು ತಿಂದು ಜಾಗ ಗುಡಿಸುತ್ತವೆ. ಆದರೆ ದಿನ ಕಳೆದಂತೆ ಊತ ಏರಿದರೆ, ಕೀವು ಬಂದರೆ, ಜ್ವರ ಬಂದರೆ ತಡ ಮಾಡಬಾರದು. ಜಾಗ ಗುಡಿಸಿದ ಮೇಲೆ ಹೊಸ ರಕ್ತನಾಳಗಳು ಚಿಗುರುತ್ತವೆ, ಕೊಲಾಜನ್ ಎಂಬ ಗಟ್ಟಿ ನಾರು ತುಂಬಿಕೊಳ್ಳುತ್ತದೆ, ಅಂಚಿನಿಂದ ಚರ್ಮ ಬೆಳೆದು ಬಂದು ಮುಚ್ಚುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇದೆಲ್ಲ ನಿಧಾನ.

ಹೊಲಿಗೆ ಬಿಚ್ಚಿದ ಮೂರನೇ ದಿನಕ್ಕೆ ನಾನು ಗುದ್ದಲಿ ಹಿಡಿದೆ. ಗಾಯ ಮತ್ತೆ ಬಾಯಿ ಬಿಟ್ಟಿತು. ಮೇಲೆ ಮುಚ್ಚಿತು ಅಂದರೆ ವಾಸಿಯಾಯಿತು ಎಂದುಕೊಂಡಿದ್ದೆ. ಒಳಗೆ ಆ ಕೊಲಾಜನ್ ನಾರು ಬಿಗಿಯಾಗಲು ತಿಂಗಳುಗಟ್ಟಲೆ ಬೇಕು, ಒಂದು ವರ್ಷವೂ ಆಗಬಹುದು. ಅಷ್ಟಾದರೂ ಹಳೆಯ ಚರ್ಮದ ಬಲದಲ್ಲಿ ಹೆಚ್ಚೆಂದರೆ ನೂರಕ್ಕೆ 80ರಷ್ಟು ಮಾತ್ರ ವಾಪಸ್ ಬರುತ್ತದೆ.

ಎಲ್ಲ ಅಂಗವೂ ಒಂದೇ ತರ ಅಲ್ಲ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗ ದಾನ ಕೊಟ್ಟವರಲ್ಲೂ ಉಳಿದದ್ದು ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಹೃದಯಕ್ಕೆ ಆ ಭಾಗ್ಯ ಇಲ್ಲ. ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಬರೀ ಕಲೆ ಉಳಿಯುತ್ತದೆ, ಅದು ಬಡಿಯುವುದಿಲ್ಲ. ಅದಕ್ಕೇ ಎದೆನೋವು ಬಂದಾಗ ಬೆಳಗಾಗಲಿ ಎಂದು ಕಾಯಬೇಡಿ.

ನನ್ನ ಹೆಬ್ಬೆರಳಿನ ಮೇಲೆ ಈಗ ಒಂದು ಬಿಳಿ ಗೆರೆ ಇದೆ. ಅಲ್ಲಿ ಬೆವರುವುದಿಲ್ಲ, ಬೆರಳಚ್ಚಿನ ಸುಳಿಗಳೂ ಇಲ್ಲ. ಕಳೆದ ತಿಂಗಳು ಪಡಿತರ ಅಂಗಡಿಯಲ್ಲಿ ಆ ಬೆರಳಿಟ್ಟರೆ ಯಂತ್ರ ಗುರುತು ಹಿಡಿಯಲಿಲ್ಲ. ಬಲಗೈ ಹೆಬ್ಬೆರಳಿಟ್ಟು ಅಕ್ಕಿ ತಂದೆ.

ನಮಸ್ಕಾರ.