"ಇಂದ" ಅಂದರೆ ಬರೀ ಸಿನ್ಸ್ ಅಲ್ಲ

ನಮಸ್ಕಾರ. ಇವತ್ತು ಒಂದು ನೋಟ್‌ಬುಕ್ ವಿಷಯ ಹೇಳುತ್ತೇನೆ.

ತುಮಕೂರಿನಲ್ಲಿ ಸಂಜೆ ಹೊತ್ತು ನಾನೊಂದು ಇಂಗ್ಲಿಷ್ ಕ್ಲಾಸ್ ಮಾಡುತ್ತೇನೆ. ಅಲ್ಲಿಗೆ ಬರುವ ಹುಡುಗಿಯೊಬ್ಬಳ ನೋಟ್‌ಬುಕ್ ಅದು. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಈಗ ಬಿಕಾಂ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಬಟ್ಟೆ ಅಂಗಡಿ ಕೆಲಸ. ನಿನ್ನ ಬಗ್ಗೆ ಹತ್ತು ಸಾಲು ಬರೆದುಕೊಂಡು ಬಾ ಅಂದಿದ್ದೆ. ಮೊದಲ ಸಾಲು: "ಐ ಆಮ್ ವರ್ಕಿಂಗ್ ಇನ್ ಕ್ಲಾತ್ ಶಾಪ್ ಸಿನ್ಸ್ ಟೂ ಇಯರ್ಸ್."

ಕೆಂಪು ಪೆನ್ನು ಎತ್ತಿದೆ. ಯಾಕೋ ಹಿಂದಿನ ಪುಟ ತಿರುಗಿಸಿದೆ. ಅಲ್ಲೂ ಇದೇ ತಪ್ಪು. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ "ಟೆನ್ಸ್!" ಅಂತ ಇತ್ತು. ಅದಕ್ಕೂ ಹಿಂದಿನ ಪುಟದಲ್ಲೂ ಅಷ್ಟೇ. ನಾಲ್ಕು ತಿಂಗಳಿಂದ ಅವಳು ಬರೆಯುತ್ತಿದ್ದಾಳೆ, ನಾನು ಗೆರೆ ಎಳೆಯುತ್ತಿದ್ದೇನೆ. ಇಬ್ಬರೂ ಬಹಳ ಶ್ರದ್ಧೆಯಿಂದ!

"ಇದನ್ನ ಕನ್ನಡದಲ್ಲಿ ಹೇಳಮ್ಮ" ಅಂದೆ.

"ಎರಡು ವರ್ಷದಿಂದ ಬಟ್ಟೆ ಅಂಗಡೀಲಿ ಕೆಲಸ ಮಾಡ್ತಾ ಇದೀನಿ ಸರ್."

ಒಂದಕ್ಷರ ತಪ್ಪಿಲ್ಲ, ಅಲ್ವಾ? ಅವಳು ಇಂಗ್ಲಿಷಿನಲ್ಲಿ ಬರೆದಿದ್ದೂ ಇದನ್ನೇ. "ಮಾಡ್ತಾ ಇದೀನಿ" ಅನ್ನುವುದು "ಆಮ್ ವರ್ಕಿಂಗ್" ಆಯಿತು. "ಇಂದ" ಅನ್ನುವುದು "ಸಿನ್ಸ್" ಆಯಿತು. ನಾವು ಟೆನ್ಸ್ ತಪ್ಪು ಅಂತ ಗುಂಡು ಸುತ್ತುವುದು ಸರಿಯಾದ ಕನ್ನಡವನ್ನು. ಅವಳಿಗೆ ಅದು ಗೊತ್ತಿಲ್ಲ. ನನಗೂ ಹೊಳೆದಿರಲಿಲ್ಲ.

ನಮ್ಮ "ಇಂದ" ಮಾಡುವ ಕೆಲಸ ನೋಡಿ. ಎರಡು ವರ್ಷದಿಂದ, ಸೋಮವಾರದಿಂದ, ಹಾಸನದಿಂದ, ಚಾಕುವಿನಿಂದ, ಮಳೆಯಿಂದ. ಇಂಗ್ಲಿಷಿನವರು ಇದಕ್ಕೆ ಐದು ಆಳು ಇಟ್ಟಿದ್ದಾರೆ: ಫಾರ್, ಸಿನ್ಸ್, ಫ್ರಮ್, ವಿತ್, ಬಿಕಾಸ್ ಆಫ್. ನಾವು ಒಬ್ಬನನ್ನೇ ದುಡಿಸುತ್ತೇವೆ.

ಅವತ್ತು ಬೋರ್ಡಿನ ಮೇಲೆ ಒಂದು ಗೂಟ ಬರೆದೆ, ಒಂದು ಹಗ್ಗ ಬರೆದೆ. ಹಸು ಕಟ್ಟುವ ಗೂಟ, ಹಗ್ಗ. ಸೋಮವಾರ, 2022, ಬೆಳಿಗ್ಗೆ ಆರು ಗಂಟೆ, ಇವೆಲ್ಲಾ ಗೂಟ. ನೆಟ್ಟ ಜಾಗ. ಎರಡು ವರ್ಷ, ಮೂರು ದಿನ, ಅರ್ಧ ಗಂಟೆ, ಇವು ಹಗ್ಗದ ಉದ್ದ. ಗೂಟಕ್ಕೆ ಸಿನ್ಸ್, ಹಗ್ಗಕ್ಕೆ ಫಾರ್. ಹಸು ಇನ್ನೂ ಅಲ್ಲೇ ಮೇಯುತ್ತಿದ್ದರೆ "ಹ್ಯಾವ್ ಬೀನ್". ಹಿಂದಿನ ಬೆಂಚಿನ ಹುಡುಗನೊಬ್ಬ "ಹಗ್ಗ ಬಿಚ್ಚಿಕೊಂಡು ಹೋದ್ರೆ ಸರ್?" ಅಂದ. ಎಲ್ಲರೂ ನಕ್ಕರು. ಆದರೆ ಒಳ್ಳೇ ಪ್ರಶ್ನೆ ಅದು. ಹೋಗಿದ್ದರೆ "ವರ್ಕ್ಡ್". ಈಗ ಆ ಅಂಗಡಿಯಲ್ಲಿ ಇಲ್ಲ ಅಂತ.

ನನ್ನ ವಾದ ಇಷ್ಟೇ. ಇಂಗ್ಲಿಷ್ ಅರ್ಧ ಬಂದು ನಿಂತವರಿಗೆ, ಯುರೋಪಿನ ಅಳತೆಯಲ್ಲಿ ಬಿ1 ಅನ್ನುವ ಹಂತದವರಿಗೆ, ಪಾಠ ಮಾಡುವಾಗ ಕನ್ನಡವನ್ನು ಕ್ಲಾಸಿನಿಂದ ಹೊರಗೆ ಕಳಿಸಬೇಡಿ. "ಓನ್ಲಿ ಇಂಗ್ಲಿಷ್" ಅಂತ ಬೋರ್ಡ್ ಹಾಕಿ ಕನ್ನಡ ಮಾತಾಡಿದರೆ ದಂಡ ಹಾಕುವ ಜಾಗ ನೋಡಿದ್ದೇನೆ. ದಂಡದ ಭಯಕ್ಕೆ ಬಾಯಿ ಮುಚ್ಚಬಹುದು. ತಲೆಯೊಳಗಿನ ಕನ್ನಡ ಎಲ್ಲಿಗೆ ಹೋಗುತ್ತದೆ? ಅದು ಸುಮ್ನೆ ಇಂಗ್ಲಿಷ್ ಅಂಗಿ ಹಾಕಿಕೊಂಡು ಹೊರಗೆ ಬರುತ್ತದೆ.

ವ್ಯಾಕರಣವೇ ಬೇಡ, ಮಾತಾಡಿಸಿದರೆ ಸಾಕು, ತಾನಾಗಿ ಬರುತ್ತದೆ ಅನ್ನುವವರೂ ಇದ್ದಾರೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆ ಪ್ರಯೋಗ ದೊಡ್ಡದಾಗಿ ನಡೆದದ್ದೇ ನಮ್ಮಲ್ಲಿ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್.ಪ್ರಭು ಮತ್ತು ಜೊತೆಗಾರರು ಬೆಂಗಳೂರು, ಮದ್ರಾಸಿನ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠ ಬದಿಗಿಟ್ಟು ಮಕ್ಕಳಿಗೆ ಕೆಲಸ ಕೊಟ್ಟರು. ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥವು. ಗಮನ ಪೂರಾ ಕೆಲಸದ ಮೇಲೆ, ಭಾಷೆ ಅದರ ಬೆನ್ನಿಗೆ. "ಬ್ಯಾಂಗಲೋರ್ ಪ್ರಾಜೆಕ್ಟ್" ಅಂತ ಹೊರದೇಶದ ಮೇಷ್ಟ್ರುಗಳೂ ಇದನ್ನು ಓದುತ್ತಾರೆ. ಇಲ್ಲಿ ನಮ್ಮ ಎಷ್ಟು ಮೇಷ್ಟ್ರುಗಳಿಗೆ ಗೊತ್ತು, ಬಿಡಿ.

ನಾನೂ ಟೈಮ್‌ಟೇಬಲ್ ಆಟ ಆಡಿಸುತ್ತೇನೆ. ಬಾಯಿ ಬಿಡಿಸುವುದಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ನಡುವೆ ನಿಂತವರ ಕಷ್ಟ ಬೇರೆ. ಅವರಿಗೆ ಬಾಯಿ ಬಂದಿದೆ, ಕೆಲಸ ನಡೆಯುತ್ತಿದೆ. "ಸಿನ್ಸ್ ಟೂ ಇಯರ್ಸ್" ಅಂದರೂ ಎದುರಿನವರಿಗೆ ಅರ್ಥವಾಗುತ್ತದೆ. ಹಾಗಾಗಿ ತಪ್ಪು ಗಟ್ಟಿಯಾಗಿ ಕೂತುಬಿಡುತ್ತದೆ. ಅದನ್ನು ಯಾರಾದರೂ ಎತ್ತಿ ತೋರಿಸಲೇಬೇಕು.

ಈಗ "ಎ" ಮತ್ತು "ದಿ". ಕನ್ನಡದಲ್ಲಿ ಇವು ಇಲ್ಲವೇ ಇಲ್ಲ ಅಂತ ಹೇಳಿಕೊಟ್ಟವನು ನಾನೇ. ಪೂರ್ತಿ ನಿಜ ಅಲ್ಲ ಅದು. "ಪುಸ್ತಕ ತಂದ್ಯಾ?" ಅನ್ನುವುದಕ್ಕೂ "ಪುಸ್ತಕಾನ ತಂದ್ಯಾ?" ಅನ್ನುವುದಕ್ಕೂ ವ್ಯತ್ಯಾಸ ಇಲ್ವಾ? ಎರಡನೆಯದರಲ್ಲಿ ಯಾವ ಪುಸ್ತಕ ಅಂತ ಇಬ್ಬರಿಗೂ ಗೊತ್ತು. ಆ "ಗೊತ್ತು" ಇದೆಯಲ್ಲ, ಅದೇ "ದಿ". ಎಲ್ಲಾ ಕಡೆ ಈ ಉಪಾಯ ನಡೆಯುವುದಿಲ್ಲ, "ಪುಸ್ತಕ ಕಳೆದುಹೋಯ್ತು" ಅನ್ನುವ ಹಾಗೆ ಪುಸ್ತಕವೇ ಕರ್ತೃ ಆದರೆ ಕೈಕೊಡುತ್ತದೆ. ಆದರೂ "ದಿ" ಅನ್ನುವುದು ಯಾವ ಭಾವನೆ ಅಂತ ಒಮ್ಮೆ ಹೊಳೆದರೆ ಮುಂದಿನ ದಾರಿ ಸಲೀಸು.

ಓದುವಾಗಲೂ ಕನ್ನಡವೇ ಒಳಗೆ ಕೂತಿರುತ್ತದೆ. "ಆರು ಗಂಟೆಗೆ ತುಮಕೂರು ಬಿಟ್ಟ ಬಸ್ಸು ದಾಬಸ್‌ಪೇಟೆ ಹತ್ತಿರ ಕೆಟ್ಟು ನಿಂತಿತು." ನಮ್ಮಲ್ಲಿ ವಿವರ ಎಲ್ಲಾ ಮುಂಚೆ ಬಂದು, ಆಮೇಲೆ ಬಸ್ಸು ಬರುತ್ತದೆ. ಇಂಗ್ಲಿಷಿನಲ್ಲಿ ಬಸ್ಸು ಮೊದಲು, ವಿವರ ಅದರ ಬಾಲ: "ದಿ ಬಸ್ ದಟ್ ಲೆಫ್ಟ್ ತುಮಕೂರು ಅಟ್ ಸಿಕ್ಸ್ ಬ್ರೋಕ್ ಡೌನ್." "ಲೆಫ್ಟ್" ಸಿಕ್ಕ ಕೂಡಲೇ ಹುಡುಗರು ವಾಕ್ಯ ಮುಗಿಯಿತು ಅಂದುಕೊಳ್ಳುತ್ತಾರೆ. ಆಮೇಲೆ "ಬ್ರೋಕ್" ಬಂದಾಗ ಕಂಗಾಲು. ಡಿಕ್ಷನರಿ ತೆಗೆಯುತ್ತಾರೆ, ಅದರಲ್ಲೇನು ಸಿಗುತ್ತದೆ? ಪದ ಎಲ್ಲಾ ಗೊತ್ತಿರುವುದೇ. ನಾನು ಪೆನ್ಸಿಲ್ ಕೊಟ್ಟು ಎರಡೇ ಪ್ರಶ್ನೆ ಕೇಳುತ್ತೇನೆ. ಯಾವುದು? ಏನಾಯ್ತು? ಬಸ್ಸು, ಕೆಟ್ಟಿತು. ಉಳಿದದ್ದಕ್ಕೆಲ್ಲಾ ಬ್ರಾಕೆಟ್ ಹಾಕು. ಉದ್ದ ವಾಕ್ಯದ ಭಯ ಎರಡು ವಾರದಲ್ಲಿ ಅರ್ಧ ಇಳಿಯುತ್ತದೆ.

ಬರೆಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಬದಲಾವಣೆ ಮಾಡಿಕೊಂಡಿದ್ದೇನೆ. ಒಂದು ಪುಟದಲ್ಲಿ ಒಂದೇ ಬಗೆಯ ತಪ್ಪಿಗೆ ಗೆರೆ. ಮಿಕ್ಕಿದ್ದಕ್ಕೆ ಕಣ್ಣು ಮುಚ್ಚುತ್ತೇನೆ, ಕೈ ತುರಿಸಿದರೂ. ತಪ್ಪು ತಿದ್ದುವುದರಿಂದ ಉಪಯೋಗವೇ ಇಲ್ಲ ಅಂತ 1996ರಲ್ಲಿ ಜಾನ್ ಟ್ರಸ್ಕಾಟ್ ಅನ್ನುವ ಸಂಶೋಧಕರು ಬರೆದು, ಅದಕ್ಕೆ ದೊಡ್ಡ ಜಗಳವೇ ಆಗಿತ್ತು. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಪುಟದ ತುಂಬಾ ಕೆಂಪು ಕಂಡ ಹುಡುಗಿ ಮುಂದಿನ ಸಲ ಹತ್ತು ಸಾಲಿನ ಜಾಗದಲ್ಲಿ ನಾಲ್ಕು ಬರೆದಿದ್ದನ್ನು ನೋಡಿದ್ದೇನೆ.

ನಿನ್ನೆ ಆ ನೋಟ್‌ಬುಕ್ ಮತ್ತೆ ಬಂತು. "ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಎ ಕ್ಲಾತ್ ಶಾಪ್ ಫಾರ್ ಟೂ ಇಯರ್ಸ್." ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದೊಂದು ಹಗ್ಗ. ನನಗೆ ಖುಷಿಯೋ ಖುಷಿ. ಅದರ ಕೆಳಗಿನ ಸಾಲು: "ಐ ಹ್ಯಾವ್ ಟೋಲ್ಡ್ ದಿ ಓನರ್ ಯೆಸ್ಟರ್‌ಡೇ."

"ಯೆಸ್ಟರ್‌ಡೇ" ಬಂದರೆ "ಹ್ಯಾವ್ ಟೋಲ್ಡ್" ಅಲ್ಲ, ಬರೀ "ಟೋಲ್ಡ್". ಪೆನ್ನು ಕೆಳಗಿಟ್ಟೆ. "ಕನ್ನಡದಲ್ಲಿ ಹೇಳಮ್ಮ" ಅಂದೆ.

"ಓನರ್‌ಗೆ ನಿನ್ನೇನೇ ಹೇಳಿದೀನಿ ಸರ್."

ಇದಕ್ಕೆ ಇವತ್ತು ಸಂಜೆಯೊಳಗೆ ಏನಾದರೂ ಚಿತ್ರ ಯೋಚಿಸಬೇಕು.