ಹಳೆಯ ಫೋನೋ ಪ್ರಿಆಂಪ್ ಕೊಳ್ಳುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಅಟ್ಟ ಸೇರಿದ್ದ ರೆಕಾರ್ಡ್ ಪೆಟ್ಟಿಗೆಯನ್ನು ಕೆಳಗಿಳಿಸಿ, ಒಂದು ಟರ್ನ್‌ಟೇಬಲ್ ಹೊಂದಿಸಿಕೊಂಡು, ಅದನ್ನು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸೊಳ್ಳೆ ಹಾಡಿದಷ್ಟೇ ದನಿ. ಮೃದಂಗದ ಎಡಭಾಗ ಕೇಳುವುದೇ ಇಲ್ಲ. ನಡುವೆ ಫೋನೋ ಪ್ರಿಆಂಪ್ ಬೇಕು.

ಅದಕ್ಕೆ ಎರಡು ಕೆಲಸ. ಮುಳ್ಳನ್ನು ಹಿಡಿದ ಪುಟ್ಟ ಭಾಗವೇ ಕಾರ್ಟ್ರಿಜ್. ಒಳಗೆ ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಬಗೆಯದು ಕೊಡುವುದು ಸುಮಾರು 5 ಮಿಲಿವೋಲ್ಟ್. ಅದನ್ನು 100 ಪಟ್ಟು, ಅಂದರೆ 40 ಡೆಸಿಬೆಲ್ ಹಿಗ್ಗಿಸಿ ಅರ್ಧ ವೋಲ್ಟಿಗೆ ತರಬೇಕು. ಜೊತೆಗೆ, ರೆಕಾರ್ಡಿನಲ್ಲಿ ಗೆರೆ ಕೊರೆಯುವಾಗ ಪಕ್ಕದ ಗೆರೆಗೆ ತಾಗದಿರಲೆಂದು ಮಂದ್ರವನ್ನು ತಗ್ಗಿಸಿ, ಸರಪರ ಸದ್ದು ಅಡಗಲೆಂದು ತಾರವನ್ನು ಏರಿಸಿರುತ್ತಾರೆ. ಪ್ರಿಆಂಪ್ ಇದನ್ನು ತಿರುಗಾಮುರುಗಾ ಮಾಡಬೇಕು. 1954ರಿಂದ ಇದಕ್ಕೆ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘದ ಹೆಸರು) ಎಂಬ ಒಂದೇ ಅಳತೆ ರೂಢಿಗೆ ಬಂತು. ಪ್ರಿಆಂಪ್ ಮಾಡಬೇಕಾದದ್ದು 20 ಹರ್ಟ್ಸಿನಲ್ಲಿ ಸುಮಾರು 19 ಡೆಸಿಬೆಲ್ ಏರಿಕೆ, 20,000 ಹರ್ಟ್ಸಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಕೆ.

ಹೀಗಾಗಿ ಪ್ರಿಆಂಪಿನ ಹೆಸರು ಕೇಳುವ ಮೊದಲು ನಿಮ್ಮ ಕಾರ್ಟ್ರಿಜ್ ಯಾವುದೆಂದು ನೋಡಿ. ಹಳೆಯ ಪೆಟ್ಟಿಗೆ ಪ್ಲೇಯರುಗಳಲ್ಲಿ ಹೆಚ್ಚಾಗಿ ಇರುವುದು ಸೆರಾಮಿಕ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ, 1 ಮೆಗಾ ಓಮ್‌ನಷ್ಟು ಲೋಡ್ (ಮುಂದಿನ ಯಂತ್ರ ಒಡ್ಡುವ ತಡೆ) ಕೇಳುತ್ತದೆ, ಫೋನೋ ಪ್ರಿಆಂಪ್ ಅದಕ್ಕೆ ಬೇಡ. ಮೂವಿಂಗ್ ಮ್ಯಾಗ್ನೆಟ್ಟಿಗೆ 47 ಕಿಲೊ ಓಮ್. ಸುರುಳಿಯೇ ಅಲುಗುವ ಮೂವಿಂಗ್ ಕಾಯಿಲ್ ಆದರೆ ಅರ್ಧ ಮಿಲಿವೋಲ್ಟೂ ದಾಟದೆ 60 ಡೆಸಿಬೆಲ್ ಬೇಡುತ್ತದೆ. ಹೆಚ್ಚಿನ ಹಳೆಯ ಪ್ರಿಆಂಪುಗಳ ಜೊತೆ ಬಳಸಲು ವೋಲ್ಟೇಜ್ ಏರಿಸುವ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಬೇರೆಯೇ ಕೊಳ್ಳಬೇಕು.

ಬರೀ ಎಲ್‌ಪಿ ಕೇಳುವವರಿಗೆ ಹೊಸ ಪ್ರಿಆಂಪ್ ಧಾರಾಳ ಸಾಕು. ಹಳೆಯದನ್ನೇ ಹುಡುಕಲು ಗಟ್ಟಿ ಕಾರಣವೆಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗಳು. ಅವುಗಳಲ್ಲಿ ಹೆಚ್ಚಿನವು ಆರ್‌ಐಎಎಗಿಂತ ಹಿಂದಿನವು, ತಾರವನ್ನು ಏರಿಸದೆ ಕೊರೆದವೇ ಹೆಚ್ಚು. ಅಂಥದ್ದನ್ನು ಆರ್‌ಐಎಎ ಮೂಲಕ ಕೇಳಿದರೆ 10,000 ಹರ್ಟ್ಸಿನಲ್ಲಿ ಸುಮಾರು 14 ಡೆಸಿಬೆಲ್ ನಷ್ಟ. ಹಾಡುವವರ ಬಾಯಿಗೆ ಕಂಬಳಿ ಹೊದಿಸಿದಂತೆ. 1950ರ ದಶಕದ ಕೆಲವು ವಾಲ್ವ್ (ಗಾಜಿನ ನಳಿಗೆಯ) ಪ್ರಿಆಂಪುಗಳಲ್ಲಿ ಎಲ್‌ಪಿಗೊಂದು, 78ಕ್ಕೊಂದು ಗುಂಡಿ ಇರುತ್ತದೆ. ಆ ಗುಂಡಿ ಮತ್ತು ಎಡಬಲ ಎರಡು ದನಿಯನ್ನು ಒಂದಾಗಿಸುವ ಮೋನೊ ಸ್ವಿಚ್ ಎರಡೂ ಇದ್ದರೆ ಬಿಡಬೇಡಿ. ಮುಳ್ಳನ್ನೂ ಬದಲಿಸಬೇಕು ಎಂಬುದು ನೆನಪಿರಲಿ: ಎಲ್‌ಪಿಗೆ ಸುಮಾರು 18 ಮೈಕ್ರಾನ್ ತುದಿ, 78ಕ್ಕೆ 75.

ಕೊಳ್ಳುವಾಗ ಎಡವುವುದು ವಿದ್ಯುತ್ತಿನ ವಿಷಯದಲ್ಲಿ. ಬ್ರಿಟನ್ನಿನ ಕ್ವಾಡ್ ಕಂಪನಿಯ ಕ್ವಾಡ್ 22 ಚೆಂದದ ಪ್ರಿಆಂಪ್. ಆದರೆ ಅದಕ್ಕೆ ಸ್ವಂತ ಪವರ್ ಸಪ್ಲೈ ಇಲ್ಲ, ಸ್ಪೀಕರು ನಡೆಸುವ ಕ್ವಾಡ್ 2 ಪವರ್ ಆಂಪಿನಿಂದ ಕರೆಂಟು ಪಡೆಯುತ್ತದೆ. ಒಂಟಿಯಾಗಿ ತಂದರೆ ಮೇಜಿನ ಮೇಲೆ ಸುಮ್ಮನೆ ಕೂತಿರುತ್ತದೆ. 1967ರ ಕ್ವಾಡ್ 33 ತನ್ನದೇ ಸಪ್ಲೈ ಇರುವ ಟ್ರಾನ್ಸಿಸ್ಟರ್ ಯಂತ್ರ. ಹಿಂಬದಿಯಲ್ಲಿ ಹಲವು ಪಿನ್ನಿನ ದುಂಡನೆಯ ಡಿನ್ ಸಾಕೆಟ್ ಇರುವುದರಿಂದ ತಂತಿ ಬೇರೆ ಮಾಡಿಸಬೇಕು. ಅಮೆರಿಕದ ಡೈನಾಕೊ ಕಂಪನಿಯ ಪಾಸ್ 3 ಪ್ರಿಆಂಪಿನಲ್ಲಿ 12ಎಎಕ್ಸ್7 ವಾಲ್ವ್ ನಾಲ್ಕು. ಅಮೆರಿಕದಿಂದ ಬಂದದ್ದಾದರೆ ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದ ಗಳಿಗೆಯಲ್ಲೇ ಟ್ರಾನ್ಸ್‌ಫಾರ್ಮರ್ ಸುಟ್ಟೀತು, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಪಾಸ್ 3ರೊಳಗೆ ಎಸಿ ಕರೆಂಟನ್ನು ಒಂದೇ ದಿಕ್ಕಿನ ಡಿಸಿ ಮಾಡುವ ಸೆಲೆನಿಯಮ್ ರೆಕ್ಟಿಫೈಯರ್ ಸುಟ್ಟರೆ ಬರುವ ಹೊಗೆ ವಿಷ. ಸಿಲಿಕಾನ್ ಡಯೋಡ್ ಹಾಕಿಸಿ, ವೋಲ್ಟೇಜ್ ಏರದಂತೆ ಸರಣಿಯಲ್ಲಿ ಒಂದು ರೆಸಿಸ್ಟರ್ ಸೇರಿಸಿ.

ಮೂವತ್ತು ವರ್ಷ ಮುಚ್ಚಿಟ್ಟಿದ್ದನ್ನು ಒಮ್ಮೆಗೇ ಆನ್ ಮಾಡಬೇಡಿ. 40 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಕರೆಂಟು ಕೊಡಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ. ಕರೆಂಟಿನ ಏರಿಳಿತ ಅಳಿಸುವ ಫಿಲ್ಟರ್ ಕಂಡೆನ್ಸರುಗಳು ಒಣಗಿರುತ್ತವೆ. ಒಂದು ವಾಲ್ವಿನಿಂದ ಮುಂದಿನದಕ್ಕೆ ದನಿ ದಾಟಿಸುವ ಕಾಗದದ ಕಪ್ಲಿಂಗ್ ಕಂಡೆನ್ಸರುಗಳು ತೇವ ಹೀರಿ ಡಿಸಿ ಸೋರುತ್ತವೆ, ಅದು ಮುಂದಿನ ವಾಲ್ವಿನ ಗ್ರಿಡ್ಡಿಗೆ (ದನಿ ಒಳಹೋಗುವ ತುದಿಗೆ) ಹೋಗಿ ದನಿ ಒಡೆಯುತ್ತದೆ. ಇವೆರಡನ್ನೂ ಪರೀಕ್ಷಿಸದೆ ಬದಲಿಸಿಬಿಡುವುದೇ ವಾಸಿ. ವಾಲ್ವ್ ಯಂತ್ರದಲ್ಲಿ 300 ವೋಲ್ಟಿನ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ. 10 ಕಿಲೊ ಓಮಿನ, 5 ವ್ಯಾಟಿನ ರೆಸಿಸ್ಟರಿನಿಂದ ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈಹಾಕಿ.

ಟ್ರಾನ್ಸಿಸ್ಟರ್ ಪ್ರಿಆಂಪುಗಳಲ್ಲಿ ಹೆಚ್ಚಿನವರು ನೋಡದೆ ಬಿಡುವುದು ಓವರ್‌ಲೋಡ್ ಮಿತಿ. 9 ವೋಲ್ಟಿನಲ್ಲಿ ನಡೆಯುವ ಯಂತ್ರ ಹೆಚ್ಚೆಂದರೆ 3 ವೋಲ್ಟ್ ಹೊರಕೊಡಬಲ್ಲದು. 100 ಪಟ್ಟು ಹಿಗ್ಗಿಸುತ್ತಿದ್ದರೆ 30 ಮಿಲಿವೋಲ್ಟ್ ಒಳಬಂದಾಗಲೇ ದನಿಯ ಅಲೆಯ ತಲೆ ಕತ್ತರಿಸಿಹೋಯಿತು. ಏರುದನಿಯ ನಾಗಸ್ವರ ಅಲ್ಲಿಗೆ ಮುಟ್ಟುತ್ತದೆ, ರೆಕಾರ್ಡಿನ ಗೀರಿನ ಚಟ್ ಸದ್ದೂ ಮುಟ್ಟುತ್ತದೆ. ಆಗ ಸಣ್ಣ ಚಟ್ ಎಂಬುದು ದಪ್ಪ ಪಟಾರ್ ಆಗಿ ಕೇಳುತ್ತದೆ. ರೆಕಾರ್ಡ್ ಹಾಳಾಗಿದೆಯೆಂದು ಎಸೆಯುವ ಮೊದಲು ಇದನ್ನು ಯೋಚಿಸಿ. 100 ಮಿಲಿವೋಲ್ಟ್ ತಾಳುವಂಥದ್ದು ಸಿಕ್ಕರೆ ನಿಶ್ಚಿಂತೆ.

ಟರ್ನ್‌ಟೇಬಲಿನಿಂದ ಪ್ರಿಆಂಪಿಗೆ ಹೋಗುವ ತಂತಿ ಒಂದು ಮೀಟರಿಗಿಂತ ಉದ್ದ ಬೇಡ. ತಂತಿಯ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಕಾರ್ಟ್ರಿಜ್ ಸುರುಳಿಯೊಡನೆ ಕೂಡಿ ಅನುರಣನ ಕಟ್ಟುತ್ತದೆ. ಸುರುಳಿ ಅರ್ಧ ಹೆನ್ರಿ, ತಂತಿ 250 ಪಿಕೊಫ್ಯಾರಡ್ ಆದರೆ ಅದು 14,000 ಹರ್ಟ್ಸಿನ ಹತ್ತಿರ. 500 ಆದರೆ 10,000ಕ್ಕೆ ಇಳಿದು ತಾಳದ ಸದ್ದು ಚುಚ್ಚತೊಡಗುತ್ತದೆ.

ಗುಂಯ್ ಎಂಬ ಸದ್ದು ಬಂದರೆ ಟರ್ನ್‌ಟೇಬಲ್ ತಂತಿ ಕಿತ್ತು, ಪ್ರಿಆಂಪಿನ ಒಳದಾರಿಗೆ (ಇನ್‌ಪುಟ್ ಸಾಕೆಟ್ಟಿಗೆ) ಶಾರ್ಟ್ ಮಾಡಿದ ಪ್ಲಗ್ ಹಾಕಿ. ಸದ್ದು ನಿಂತರೆ ತಪ್ಪು ಟರ್ನ್‌ಟೇಬಲ್ ಅಥವಾ ತಂತಿಯದು. ಟೋನ್‌ಆರ್ಮಿನ (ಮುಳ್ಳು ಹಿಡಿದ ಕೈಯ) ಅರ್ತ್ ತಂತಿ ಪ್ರಿಆಂಪಿನ ಚಾಸಿಗೆ, ಅಂದರೆ ಲೋಹದ ಮೈಗೆ, ಬಿಗಿದಿದೆಯೇ ನೋಡಿ. ನಿಲ್ಲದಿದ್ದರೆ ತಪ್ಪು ಪ್ರಿಆಂಪಿನ ಒಳಗೇ ಇದೆ, ಮೊದಲು ಫಿಲ್ಟರ್ ಕಂಡೆನ್ಸರುಗಳನ್ನು ಅನುಮಾನಿಸಿ.

ಇನ್ನು ನಮ್ಮ ಮಳೆ. ಅರಸೀಕೆರೆಯ ಒಣ ಹವೆಯಲ್ಲಿ ವರ್ಷಗಟ್ಟಲೆ ಸುಮ್ಮನಿರುವ ಸ್ವಿಚ್ಚು, ಆರಿದ್ರಾದಿಂದ ಆಶ್ಲೇಷಾದವರೆಗೆ ಸುರಿಯುವ ಮಲೆನಾಡಿನಲ್ಲಿ ಒಂದೇ ಮಳೆಗಾಲಕ್ಕೆ ಕರಕರ ಎನ್ನುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಗುಂಡಿಯನ್ನು ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಿ.